ನನ್ನನ್ನು ಹತ್ತಿಸಿಕೊಳ್ಳದ ಡ್ರೈವರಣ್ಣ

ಹೋದ ತಿಂಗಳು ಒಂದು ಮದುವೆಗೆಂದು ಮಗಳನ್ನು ಕರೆದುಕೊಂಡು ಅಂಕೋಲೆ ಬಸ್ಸಿನಲ್ಲಿ ಘಟ್ಟ ಇಳಿಯುತ್ತಿದ್ದೆ. ಅರಬೈಲ್ ದಾಟಿ ಎರಡನೆಯದೋ ಮೂರನೆಯದೋ ತಿರುವಿನಲ್ಲಿ ಬಸ್ಸು ನಿಂತಿತು. ಮುಂದೆ ಒಂದು ಲಾರಿ ಬ್ರೇಕು ಕಾಯ್ದು ರಸ್ತೆ ಬದಿಗೆ ನಿಂತಿತ್ತು. ಅದರ ಹಿಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ರಬ್ಬರು ಸುಟ್ಟಂತೆಯೂ ಅಲ್ಲ, ಕಬ್ಬಿಣ ಕಾಯಿಸಿದಂತೆಯೂ ಅಲ್ಲ, ಎರಡೂ ಸೇರಿ ಗಂಟಲಿಗೆ ಹತ್ತುವಂಥದು. ಮಗಳು ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಒಬ್ಬರು ಥಟ್ಟನೆ ನೆನಪಾದರು. ಈ ವಾಸನೆ ತಮ್ಮ ಗಾಡಿಯಿಂದ ಒಂದು ದಿನವೂ ಬರಬಾರದು ಎಂದು ಬದುಕಿದ್ದ ಮನುಷ್ಯ...

ಅವರನ್ನು ನಾವು ಡ್ರೈವರಣ್ಣ ಎನ್ನುತ್ತಿದ್ದೆವು. ಹೆಸರು ಗೊತ್ತಿಲ್ಲವೆಂದಲ್ಲ. ಆ ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ, ಅಷ್ಟೇ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಆಗಷ್ಟೇ ಮದುವೆಯಾಗಿ ಯಲ್ಲಾಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಗಂಡನಿಗೆ ಅಲ್ಲೇ ಸಹಕಾರಿ ಸಂಘದಲ್ಲಿ ಕೆಲಸ. ನನಗೆ ಘಟ್ಟದ ಕೆಳಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ. ಹೊತ್ತಿಗೆ ಸರಿಯಾದ ಬಸ್ಸಿರಲಿಲ್ಲ. ಒಂದು ತೀರಾ ಬೆಳಿಗ್ಗೆ, ಇನ್ನೊಂದು ಹತ್ತು ಗಂಟೆಗೆ. ಹಾಗಾಗಿ ಎಂಟೂವರೆಗೆ ಬಸ್ ಸ್ಟ್ಯಾಂಡಿನ ಎದುರಿನಿಂದ ಹೊರಡುವ ಡ್ರೈವರಣ್ಣನ ಟ್ರ್ಯಾಕ್ಸ್ ಜೀಪೇ ನಮಗೆಲ್ಲ ಗತಿ. ಪಾಠ ಹೇಳುವ ನಾವು ನಾಲ್ಕೈದು ಜನ ಅಕ್ಕೋರುಗಳು, ಆರೋಗ್ಯ ಕೇಂದ್ರದ ಸಿಸ್ಟರು, ಪೋಸ್ಟ್ ಮಾಸ್ತರು, ಹೀಗೆ ದಿನವೂ ಹೋಗಿಬರುವವರದ್ದೇ ಒಂದು ಗುಂಪು.

ಐವತ್ತರ ಹತ್ತಿರದ ಆಳು. ಬಿಳಿ ಅಂಗಿ, ಖಾಕಿ ಪ್ಯಾಂಟು, ಹೆಗಲ ಮೇಲೆ ಒಂದು ಕೆಂಪು ಟವೆಲ್ಲು. ಇಡಗುಂದಿಯ ಕಡೆ ಮನೆ, ಸ್ವಲ್ಪ ಗದ್ದೆ, ಹೆಂಡತಿ. ಮಾತು ಕಡಿಮೆ. ಇದ್ದಷ್ಟು ಮಾತೂ ನಿಯಮಗಳದ್ದೇ. ಘಟ್ಟ ಇಳಿಯುವ ಮೊದಲು ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು. ನಾಲ್ಕೂ ಚಕ್ರಕ್ಕೆ ಒಂದೊಂದು ಸಲ ಕಾಲಿನಿಂದ ತಟ್ಟಿ, ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿ, ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿ, ಆಮೇಲೇ ಹೊರಡುವುದು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಇಳಿಜಾರಿನಲ್ಲಿ ನಮ್ಮ ಹರಟೆ ಜೋರಾದರೆ ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದರು, ಅಷ್ಟಕ್ಕೇ ಎಲ್ಲರೂ ಸುಮ್ಮನಾಗುತ್ತಿದ್ದೆವು. ಕೊಡೆಗಳನ್ನೆಲ್ಲ ತುದಿ ಕೆಳಗೆ ಮಾಡಿ ಕಾಲ ಬಳಿ ನೆಲಕ್ಕೆ ಮಲಗಿಸಬೇಕು. ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡರೆ ಅದನ್ನೂ ಕೆಳಗಿಡಿಸುತ್ತಿದ್ದರು. ಇದೆಲ್ಲ ಅತಿಯಾಯಿತು ಎಂದು ನಾವು ಹಿಂದಿನ ಸೀಟಿನಲ್ಲಿ ನಗುತ್ತಿದ್ದೆವು. ನಮ್ಮ ಗಣಿತದ ಅಕ್ಕೋರಂತೂ ಅವರ ಧ್ವನಿಯನ್ನೇ ಮಾಡಿ ತೋರಿಸಿ ನಗಿಸುತ್ತಿದ್ದಳು. ಅವಳು ಹಾವೇರಿ ಕಡೆಯವಳು, ನನ್ನ ವಾರಗೆಯವಳು, ನನಗೆ ಆ ಊರಿನಲ್ಲಿದ್ದ ಒಬ್ಬಳೇ ಗೆಳತಿ.

ಎಲ್ಲಕ್ಕಿಂತ ದೊಡ್ಡ ನಿಯಮ ಒಂಬತ್ತರದ್ದು. ಪರ್ಮಿಟ್ಟಿನಲ್ಲಿ ಒಂಬತ್ತು ಜನ ಎಂದಿದೆ, ಒಂಬತ್ತೇ ಜನ. ಉಳಿದ ಟ್ರ್ಯಾಕ್ಸುಗಳಲ್ಲಿ ಹದಿನೈದು ಹದಿನಾರು ಜನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದ ಕಾಲ. ಇವರ ಗಾಡಿಯಲ್ಲಿ ಮಾತ್ರ ಹತ್ತನೆಯವರಿಗೆ ಜಾಗವಿಲ್ಲ. ಅದಕ್ಕೆ ಪೇಟೆಯಲ್ಲಿ ಅವರಿಗೆ ಅಹಂಕಾರಿ ಎಂಬ ಹೆಸರಿತ್ತು.

ನಾನಾಗ ಆರು ತಿಂಗಳ ಬಸುರಿ. ಒಂದು ದಿನ ಶಾಲೆಗೆ ಇನ್ಸ್‌ಪೆಕ್ಷನ್ ಇತ್ತು. ಹತ್ತು ಗಂಟೆಗೆ ಸರಿಯಾಗಿ ಎಲ್ಲರೂ ಹಾಜರಿರಬೇಕೆಂದು ಹೆಡ್ ಮಾಸ್ತರು ವಾರದಿಂದ ಹೇಳುತ್ತಿದ್ದರು. ಬೆಳಿಗ್ಗೆ ಹೊಟ್ಟೆ ತೊಳಸಿ ವಾಂತಿಯಾಗಿ, ಸುಧಾರಿಸಿಕೊಂಡು ಹೊರಡುವಾಗ ಹತ್ತು ನಿಮಿಷ ತಡವಾಯಿತು. ಓಡುವ ಹಾಗಿರಲಿಲ್ಲ. ಹೇಗೋ ಬಿರಬಿರನೆ ನಡೆದು ಹೋದರೆ ಗಾಡಿ ಇನ್ನೂ ಅಲ್ಲೇ ಇತ್ತು. ಸಮಾಧಾನವಾಯಿತು. ಬಾಗಿಲಿಗೆ ಕೈ ಹಾಕಿದೆ.

"ಆಗುದಿಲ್ಲ ಅಕ್ಕೋರೇ, ಒಂಬತ್ತಾಯ್ತು" ಎಂದರು.

ಮೊದಲು ತಮಾಷೆ ಎಂದುಕೊಂಡೆ. ಒಳಗಿದ್ದ ಒಬ್ಬರು, ಸರಿದುಕೊಳ್ಳುತ್ತೇವೆ ಬಿಡಿ, ಅಂಚಿಗೆ ಕೂತುಕೊಳ್ಳಲಿ ಎಂದರು. ಅವರು ಒಪ್ಪಲಿಲ್ಲ. ಈ ಸ್ಥಿತಿಯಲ್ಲಿ ಅಂಚಿನ ಮೇಲೆ ಕೂರಿಸಿಕೊಂಡು ಘಟ್ಟ ಇಳಿಯುವುದು ಮೊದಲೇ ಆಗದ ಮಾತು ಎಂದರು. ಹಿಂದೆ ತಿರುಗಿ, ಯಾರಾದರೂ ಇಳಿದು ಅಕ್ಕೋರಿಗೆ ಸೀಟು ಬಿಟ್ಟುಕೊಡುತ್ತೀರಾ ಎಂದು ಕೇಳಿದರು. ಯಾರೂ ಅಲುಗಲಿಲ್ಲ. ಇನ್ಸ್‌ಪೆಕ್ಷನ್ ಅಕ್ಕೋರುಗಳಿಗೆಲ್ಲ ಇತ್ತು, ಉಳಿದವರಿಗೂ ಅವರವರ ಕೆಲಸದ ಅವಸರ. ನನ್ನ ಗೆಳತಿ ನಡುವಿನ ಸೀಟಿನಲ್ಲಿ, ಕಿಟಕಿಯ ಬಳಿ ಕುಳಿತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಆಚೆ ಕಡೆ, ಹೋಟೆಲಿನ ಬೋರ್ಡು ಓದುವವಳಂತೆ ಮುಖ ತಿರುಗಿಸಿದಳು.

ಗಾಡಿ ಹೊರಟುಹೋಯಿತು.

ಅವತ್ತು ಅಲ್ಲಿ ನಿಂತು ಅತ್ತದ್ದು ನೆನಪಿದೆ. ಸುತ್ತ ಜನ ನೋಡುತ್ತಿದ್ದರು ಎಂಬುದೂ ನೆನಪಿದೆ. ಹತ್ತರ ಬಸ್ಸು ಹಿಡಿದರೆ ಶಾಲೆ ಮುಟ್ಟುವಾಗ ಹನ್ನೊಂದು ಕಾಲು. ಅಧಿಕಾರಿಗಳ ಎದುರು ತಡವಾಗಿ ಒಳಗೆ ಹೋಗುವುದಕ್ಕಿಂತ ರಜೆ ಹಾಕುವುದೇ ವಾಸಿ ಎನಿಸಿತು. ಚೀಲದಲ್ಲಿ ತವರಿಗೆ ಬರೆಯಲೆಂದು ಇಟ್ಟುಕೊಂಡಿದ್ದ ಒಂದು ಪೋಸ್ಟ್ ಕಾರ್ಡಿತ್ತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಹೆಡ್ ಮಾಸ್ತರಿಗೆ ಬರೆದೆ. ಮೇಲೆ ತಾರೀಖು, ಅದರ ಪಕ್ಕ ಬೆಳಿಗ್ಗೆ ಎಂಟು ನಲವತ್ತು ಎಂದು ಹೊತ್ತು. ಆರು ತಿಂಗಳ ಬಸುರಿಯಾದ ನನ್ನನ್ನು ಒಂಬತ್ತು ಜನ ಭರ್ತಿಯಾದರೆಂಬ ನೆವ ಹೇಳಿ ನಡುರಸ್ತೆಯಲ್ಲಿ ಬಿಟ್ಟು ಹೋದ ಈ ಡ್ರೈವರನು ಹೃದಯವಿಲ್ಲದವನೂ ನಿರ್ದಯಿಯೂ ಆಗಿದ್ದಾನೆ, ಇನ್ನು ಮೇಲೆ ನಮ್ಮ ಶಾಲೆಯ ಯಾರೂ ಆ ವಾಹನ ಹತ್ತಬಾರದೆಂದು ತಾವು ಆಜ್ಞೆ ಮಾಡಬೇಕು, ನನಗೆ ಇಂದು ಒಂದು ದಿನದ ರಜೆ ದಯಪಾಲಿಸಬೇಕು... ಹೀಗೆ. ಅಲ್ಲೇ ಇದ್ದ ಡಬ್ಬಿಗೆ ಕಾರ್ಡು ಹಾಕಿ ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗಿದೆ.

ಹತ್ತೂವರೆಯ ಸುಮಾರಿಗೆ ಗಂಡ ಬಂದು ಬಾಗಿಲು ಬಡಿದರು. ನಾನು ಬಾಗಿಲು ತೆರೆದದ್ದೇ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತುಬಿಟ್ಟರು. ಟ್ರ್ಯಾಕ್ಸ್ ಘಟ್ಟದಲ್ಲಿ ಉರುಳಿದೆ ಎಂದು ಪೇಟೆಯಲ್ಲಿ ಸುದ್ದಿಯಾಗಿತ್ತು. ಅದರಲ್ಲಿ ನಾನಿದ್ದೇನೆಂದು ತಿಳಿದು ಅವರು ಆಸ್ಪತ್ರೆಗೆ ಓಡಿ, ಅಲ್ಲಿ ನನ್ನನ್ನು ಕಾಣದೆ, ಮನೆಗೆ ಬಂದಿದ್ದರು. ನನ್ನ ಎರಡೂ ಕೈ ತಾವಾಗಿ ಹೊಟ್ಟೆಯ ಮೇಲೆ ಹೋದವು. ಸದ್ಯ, ನಾನು ಅದರಲ್ಲಿಲ್ಲ... ಮೊದಲು ಬಂದ ಯೋಚನೆ ಅದೇ. ಸುಳ್ಳು ಹೇಳುವುದಿಲ್ಲ. ಗೆಳತಿಯ ನೆನಪು ಬಂದದ್ದು ಅದರ ಹಿಂದೆ.

ಏನಾಯಿತೆಂದು ಆಮೇಲೆ ಸಿಸ್ಟರು ಹೇಳಿದರು. ಅವರು ಮುಂದಿನ ಸೀಟಿನಲ್ಲಿ ಕುಳಿತು ಎಲ್ಲವನ್ನೂ ಕಣ್ಣಾರೆ ಕಂಡವರು. ಇವರ ಗಾಡಿ ಎರಡನೆಯ ಗೇರಿನಲ್ಲಿ ತನ್ನ ಎಡಬದಿಗೆ ಇಳಿಯುತ್ತಿತ್ತು. ಕೆಳಗಿನಿಂದ ಲೋಡಿನ ಲಾರಿಯೊಂದು ತೆವಳುತ್ತಾ ಏರುತ್ತಿತ್ತು. ಅದರ ಹಿಂದಿದ್ದ ಒಂದು ಬಿಳಿ ಕಾರು ತಿರುವಿನಲ್ಲೇ ಲಾರಿಯನ್ನು ಹಿಂದೆ ಹಾಕಲು ನುಗ್ಗಿತು. ಎದುರಿಗೆ ಕಾರು, ಅದರ ಪಕ್ಕ ಲಾರಿ, ಲಾರಿಯ ಆಚೆ ಕಂದರ. ಡ್ರೈವರಣ್ಣ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಗಾಡಿಯನ್ನು ಗುಡ್ಡದ ಬದಿಯ ಗಟಾರಕ್ಕೆ ಇಳಿಸಿದರು. ಆದರೂ ಕಾರು ಬಂದು ಬಲಬದಿಗೆ, ಅವರು ಕುಳಿತ ಕಡೆಗೇ ಹೊಡೆಯಿತು. ಗಾಡಿ ಗುಡ್ಡಕ್ಕೆ ಒರಗಿ ಎಡಮಗ್ಗುಲಾಗಿ ಬಿತ್ತು.

ಯಾರೂ ಸಾಯಲಿಲ್ಲ. ಇಷ್ಟು ವರ್ಷವಾದರೂ ಈ ಮಾತು ಬರೆಯುವಾಗ ಒಂದು ಉಸಿರು ಹೊರಗೆ ಹೋಗುತ್ತದೆ. ಆ ದಾರಿಯಲ್ಲಿ ಬರುತ್ತಿದ್ದ ಲಾರಿಗಳವರು ನಿಲ್ಲಿಸಿ, ಒಬ್ಬೊಬ್ಬರನ್ನೇ ಹೊರಗೆ ತೆಗೆದು ಯಲ್ಲಾಪುರದ ಆಸ್ಪತ್ರೆಗೆ ತಂದರು. ಪೋಸ್ಟ್ ಮಾಸ್ತರಿಗೆ ಪಕ್ಕೆಲುಬು ಮುರಿದಿತ್ತು, ಸಿಸ್ಟರಿಗೆ ಮಣಿಕಟ್ಟು. ಉಳಿದವರಿಗೆ ಗಾಜು ಸಿಡಿದ ಗಾಯ, ಹಣೆಗೆ ಹೊಲಿಗೆ. ನನ್ನ ಗೆಳತಿಯ ತೊಡೆಯ ಮೂಳೆ ತುಂಡಾಗಿತ್ತು. ಡ್ರೈವರಣ್ಣನ ಬಲಮಂಡಿ ಪುಡಿಯಾಗಿತ್ತು. ಅವರಿಬ್ಬರನ್ನು ಹುಬ್ಬಳ್ಳಿಗೆ ಸಾಗಿಸಿದರು. ಕಾರು ಓಡಿಸುತ್ತಿದ್ದವನು ಕರಾವಳಿಯ ಒಬ್ಬ ದೊಡ್ಡ ವ್ಯಾಪಾರಿಯ ಮಗ. ಅವನಿಗೆ ಮೂಗಿಗೆ ಪೆಟ್ಟು, ಅಷ್ಟೇ. ಒಬ್ಬರ ಕಣ್ಣಿಗೂ ಒಂದು ಕೊಡೆಯ ತುದಿ ತಾಗಿರಲಿಲ್ಲ ಎಂಬುದನ್ನು ಸಿಸ್ಟರು ಎರಡೆರಡು ಸಲ ಹೇಳಿದರು.

ವಾರ ಕಳೆದ ಮೇಲೆ ಹುಬ್ಬಳ್ಳಿಗೆ ಹೋದೆ. ಗೆಳತಿಯ ಕಾಲಿಗೆ ತೂಕ ಕಟ್ಟಿ ಮಂಚದ ತುದಿಗೆ ಜಗ್ಗಿ ಇಟ್ಟಿದ್ದರು. ನನ್ನನ್ನು ಕಂಡದ್ದೇ ಅವಳ ಕಣ್ಣು ತುಂಬಿತು.

"ನಾ ಇಳೀಲಿಲ್ಲಂತ ನಿಂಗ ಸಿಟ್ಟು ಬಂದಿತ್ತಲ್ಲ?" ಎಂದಳು.

ಬಂದಿತ್ತು ಎಂದೆ.

"ನಾ ಇಳಿದಿದ್ರ ಈ ಮಂಚದ ಮ್ಯಾಲೆ ನೀ ಇರ್ತಿದ್ದಿ" ಎಂದಳು. ನನ್ನ ಹೊಟ್ಟೆಯ ಕಡೆ ನೋಡಿ, ನಾ ಇಳೀದೆ ಇದ್ದದ್ದು ಒಳ್ಳೇದೇ ಆಯ್ತು ಎಂದಳು. ಅವಳ ಕೈ ಹಿಡಿದುಕೊಂಡು ಕೂತೆ. ನಾನು ಕ್ಷಮಿಸಬೇಕಾದ್ದು, ಅವಳು ಕ್ಷಮಿಸಬೇಕಾದ್ದು ಏನೇನಿತ್ತೋ ಅದೆಲ್ಲ ಅಲ್ಲೇ ಮುಗಿಯಿತು.

ಗಂಡಸರ ವಾರ್ಡಿನಲ್ಲಿ ಡ್ರೈವರಣ್ಣ ಮಲಗಿದ್ದರು. ಖಾಕಿ ಪ್ಯಾಂಟಿಲ್ಲದೆ, ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಬೇರೆ ಯಾರೋ ಆಗಿ ಕಾಣುತ್ತಿದ್ದರು. ಅವತ್ತು ಬಿಟ್ಟು ಹೋದದ್ದಕ್ಕೆ ಬೇಜಾರಾಯಿತೇನೋ ಎಂದು ನನ್ನನ್ನೇ ಕೇಳಿದರು. ಎಲ್ಲರೂ ಹೇಗಿದ್ದಾರೆ ಎಂದು ಒಬ್ಬೊಬ್ಬರನ್ನೇ, ಕುಳಿತಿದ್ದ ಸೀಟಿನ ಪ್ರಕಾರ ವಿಚಾರಿಸಿದರು. ಒಂಬತ್ತೂ ಜನರ ಲೆಕ್ಕ ಸರಿಹೋದ ಮೇಲೆ ಕಣ್ಣು ಮುಚ್ಚಿಕೊಂಡರು.

ಆಮೇಲೆ ಕೇಸು ಶುರುವಾಯಿತು. ಗಾಯಗೊಂಡವರೆಲ್ಲ ಆಸ್ಪತ್ರೆಯಲ್ಲಿದ್ದಾಗ, ಕಾರಿನ ಕಡೆಯವರ ದೂರು ಮೊದಲು ದಾಖಲಾಗಿತ್ತು. ಅದರಲ್ಲಿದ್ದ ಮಾತು ಇಷ್ಟು: ಟ್ರ್ಯಾಕ್ಸಿನಲ್ಲಿ ಹದಿನಾಲ್ಕು ಜನರನ್ನು ತುಂಬಿದ್ದರು, ಭಾರಕ್ಕೆ ಗಾಡಿ ಹಿಡಿತ ತಪ್ಪಿ ನಮ್ಮ ಬದಿಗೆ ಬಂತು. ಗಾಯಾಳುಗಳು ಪರಿಹಾರಕ್ಕೆಂದು ಕೋರ್ಟಿಗೆ ಹೋದಾಗಲೂ ಕಾರಿನ ಕಡೆಯವರು ಅದನ್ನೇ ಹೇಳಿದರು. ಟ್ರ್ಯಾಕ್ಸಿನ ಇನ್ಶೂರೆನ್ಸಿನವರೂ, ಪರ್ಮಿಟ್ಟು ಮೀರಿ ಜನ ತುಂಬಿದ್ದು ಹೌದಾದರೆ ಜವಾಬ್ದಾರಿ ನಮ್ಮದಲ್ಲ, ಗಾಡಿಯವನದ್ದು ಎಂದರು. ಅಂದರೆ ಒಂಬತ್ತು ಜನರ ಗಾಯಗಳ ಪರಿಹಾರವೆಲ್ಲ ಒಬ್ಬ ಡ್ರೈವರಣ್ಣನ ತಲೆಯ ಮೇಲೆ. ಮನೆ, ಗದ್ದೆ ಮಾರಿದರೂ ಸಾಲದು. ಪೊಲೀಸ್ ಕೇಸಿನಲ್ಲಿ ಜೈಲಿನ ಭಯ ಬೇರೆ. ಒಳಗಿದ್ದವರೆಲ್ಲ ಒಂಬತ್ತೇ ಜನ ಎಂದು ಹೇಳಿದರು. ಆದರೆ ಎದುರು ವಕೀಲರು, ಪರಿಹಾರ ಬೇಕಾದವರು ಹಾಗಲ್ಲದೆ ಇನ್ನು ಹೇಗೆ ಹೇಳಿಯಾರು ಎಂದು ತಳ್ಳಿಹಾಕುತ್ತಿದ್ದರು. ಪರಿಹಾರ ಬೇಡದ, ಗಾಡಿಯ ಹೊರಗಿದ್ದ ಒಬ್ಬರು ಹೇಳಬೇಕಿತ್ತು.

ಒಂಬತ್ತಾಯ್ತು ಎಂದು ಹೇಳಿಸಿಕೊಂಡು ಹೊರಗುಳಿದವಳು ನಾನೊಬ್ಬಳೇ.

ಅಷ್ಟು ಹೊತ್ತಿಗೆ ಮಗಳು ಹುಟ್ಟಿದ್ದಳು. ಬಾಣಂತನ ಮುಗಿಸಿ ಅವಳನ್ನು ಎತ್ತಿಕೊಂಡು ತವರಿನಿಂದ ಯಲ್ಲಾಪುರಕ್ಕೆ ಬಂದಾಗ, ಡ್ರೈವರಣ್ಣ ಊರುಗೋಲು ಹಿಡಿದು ಟ್ರ್ಯಾಕ್ಸ್ ಸ್ಟ್ಯಾಂಡಿನಲ್ಲಿ ಕುಳಿತಿರುತ್ತಿದ್ದರು. ಇನ್ನು ಬ್ರೇಕು ಆಕ್ಸಿಲರೇಟರು ಅವರ ಕಾಲಿಗೆ ಆಗುವ ಮಾತಾಗಿರಲಿಲ್ಲ. ಬೇರೆಯವರ ಗಾಡಿಗಳಿಗೆ ಸರದಿ ಹಾಕಿ, ಜನ ಕೂರಿಸಿ ಕಳಿಸುವ ಕೆಲಸ ಕೊಟ್ಟಿದ್ದರು. ಅಲ್ಲೂ ಅದೇ ಹಟ. ಒಂದು ದಿನ ನಾನು ಮಗುವನ್ನು ಎತ್ತಿಕೊಂಡು ಹತ್ತಿದೆ. ಅವರು ಎಣಿಸಿ ಬಾಗಿಲು ಹಾಕಿಸಿದರು. ಇನ್ನೂ ಎಂಟೇ ಜನ ಎಂದ ಆ ಗಾಡಿಯವನಿಗೆ, ಮಗುವನ್ನೂ ಸೇರಿಸಿ ಒಂಬತ್ತು ಎಂದರು. ಮಗು ಅಷ್ಟರಲ್ಲಿ ಅವರ ಟವೆಲ್ಲು ಹಿಡಿದು ಎಳೆದಿತ್ತು. ಬಿಡಿಸಿಕೊಳ್ಳಲು ಅವಸರ ಮಾಡದೆ, ಅದು ಬಿಡುವ ತನಕ ಬಗ್ಗಿಕೊಂಡೇ ನಿಂತಿದ್ದರು.

ಸಾಕ್ಷಿ ಹೇಳುತ್ತೇನೆ ಎಂದಾಗ ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಗಂಡ ಒಳ್ಳೆಯವರೇ. ಆದರೂ ಕೋರ್ಟಿನ ಕಟಕಟೆ, ವಕೀಲರ ಪ್ರಶ್ನೆ, ದೊಡ್ಡವರ ದ್ವೇಷ ನಮಗೇಕೆ ಎಂದರು. ಶಾಲೆಯ ಎರಡು ಕೋಣೆ ಕಟ್ಟಿಸಿಕೊಟ್ಟದ್ದು ಆ ವ್ಯಾಪಾರಿಯೇ. ಹೆಡ್ ಮಾಸ್ತರ ಹತ್ತಿರ ನನ್ನ ಆ ಪೋಸ್ಟ್ ಕಾರ್ಡು ಕೇಳಿದರೆ, ಹುಡುಕಬೇಕು ಎಂದರು. ಮರುವಾರ ಕೇಳಿದರೂ ಹುಡುಕಬೇಕು. ಅದರ ಮರುವಾರ ನಾನು ಕೇಳುವುದನ್ನು ಬಿಟ್ಟೆ. ಶಿರಸಿಯ ಪಕ್ಕದ ಇಸಳೂರಿನಲ್ಲಿದ್ದ ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಅಕ್ಕಿ ಆರಿಸುತ್ತಾ ಕುಳಿತಿದ್ದಳು. ಮೊರದಿಂದ ತಲೆ ಎತ್ತದೆ, "ಕಂಡಿದ್ದನ್ನ ಹೇಳಲೆ ಹೆದ್ರುದು ಎಂತಕ್ಕೆ? ಕಾಣದ್ದನ್ನ ಮಾತ್ರ ಹೇಳಡ" ಎಂದಳು.

ಒಂದು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಹಾಜರಿ ಪುಸ್ತಕದ ಕೆಳಗೆ ಆ ಕಾರ್ಡು ಇತ್ತು. ಅಂಚೆಯ ಮುದ್ರೆ, ತಾರೀಖು, ಎಂಟು ನಲವತ್ತು, ಎಲ್ಲ ಸ್ಪಷ್ಟವಾಗಿದ್ದವು. ಸಿಟ್ಟಿನ ಭರದಲ್ಲಿ ನಾನು 'ನಿರ್ದಯಿ' ಎಂಬಲ್ಲಿ ದಕಾರಕ್ಕೆ ಧಕಾರ ಬರೆದಿದ್ದೆ. ಹೆಡ್ ಮಾಸ್ತರು ಅದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದರು. ನಾನು ಅವರ ಕೋಣೆಗೆ ಹೋದಾಗ ಕಿಟಕಿಯ ಹೊರಗೆ ನೋಡುತ್ತಾ, ಕನ್ನಡದ ಅಕ್ಕೋರು ಕಾಗುಣಿತ ತಪ್ಪಬಾರದು ಎಂದರು. ಅಷ್ಟೇ ಹೇಳಿದ್ದು.

ಸಾಕ್ಷಿಯ ದಿನ ಶಿರಸಿಯ ಕೋರ್ಟಿಗೆ ಇಸಳೂರಿನಿಂದಲೇ ಹೋದೆ. ಡ್ರೈವರಣ್ಣ ಬೆಳಗಿನ ಬಸ್ಸಿಗೆ ಬಂದು ಮೊದಲೇ ಜಗಲಿಯ ಬೆಂಚಿನಲ್ಲಿ ಕಾಲು ನೀಡಿ ಕುಳಿತಿದ್ದರು. ನಮ್ಮ ಸರದಿ ಬರಲು ಬಹಳ ಹೊತ್ತಿತ್ತು. ಅವತ್ತು ಅವರು ಒಂದು ವಿಷಯ ಹೇಳಿದರು. ಅದನ್ನು ಅವರು ಬೇರೆ ಯಾರಿಗಾದರೂ ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಹದಿನೆಂಟು ಇಪ್ಪತ್ತು ವರ್ಷಗಳ ಹಿಂದೆ ಅವರು ಬೇರೊಬ್ಬರ ಮೆಟಡೋರ್ ಓಡಿಸುತ್ತಿದ್ದರಂತೆ. ಒಂದು ಮದುವೆ ದಿಬ್ಬಣ. ಹನ್ನೆರಡು ಜನರ ಗಾಡಿಗೆ ಇಪ್ಪತ್ತಕ್ಕೂ ಹೆಚ್ಚು ಜನ. ಬೇಡ ಎನ್ನುವ ಧೈರ್ಯ ಆಗ ಇರಲಿಲ್ಲ. ಘಟ್ಟದ ನಡುವೆ ಬ್ರೇಕು ಕಾಯ್ದು, ಮೊದಲು ವಾಸನೆ ಬಂತು, ಆಮೇಲೆ ಬ್ರೇಕು ಹಿಡಿಯಲೇ ಇಲ್ಲ. ಗುಡ್ಡಕ್ಕೆ ಗುದ್ದಿ ನಿಲ್ಲಿಸಿದರು. ಬಾಗಿಲ ಬಳಿ ತುದಿಯಲ್ಲಿ ಕುಳಿತಿದ್ದ ಮದುಮಗಳ ಅಜ್ಜಿ ಹೊರಗೆ ಬಿದ್ದು ತೀರಿಹೋದರು. ಕೋರ್ಟಿನಲ್ಲಿ ಮಾಲೀಕ ಸಾಕ್ಷಿಗಳನ್ನು ಕೂಡಿಸಿ, ಗಾಡಿಯಲ್ಲಿ ಹನ್ನೆರಡೇ ಜನ ಇದ್ದರು, ಅಜ್ಜಿ ತಾನಾಗಿ ಬಾಗಿಲು ತೆರೆದಳು ಎಂದು ಹೇಳಿಸಿದ. ಇವರು ತಲೆ ತಗ್ಗಿಸಿ ನಿಂತಿದ್ದರು. ಬಿಡುಗಡೆಯಾಯಿತು.

"ಅವತ್ತು ಸುಳ್ಳು ಲೆಕ್ಕದಿಂದ ಬಚಾವಾದೆ. ಈಗ ಸುಳ್ಳು ಲೆಕ್ಕವೇ ಬಂದು ಹಿಡೀತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರೇ, ನೀವು ನೋಡಿದ್ದು ಎಷ್ಟೋ ಅಷ್ಟೇ ಹೇಳಿ. ನನ್ನ ಉಳಿಸೂಕೆ ಅಂತ ಒಂದು ಮಾತೂ ಹೆಚ್ಚು ಮಾಡಬೇಡಿ. ಇನ್ನೊಂದು ಸಲ ನನ್ನ ಕೈಲಿ ಹೊರೂಕೆ ಆಗುದಿಲ್ಲ" ಎಂದರು.

ಒಳಗೆ ಕರೆದರು. ಗಾಡಿಯಲ್ಲಿ ಒಂಬತ್ತು ಜನ ಇದ್ದದ್ದು, ನನ್ನನ್ನು ಹತ್ತಿಸಿಕೊಳ್ಳದೆ ಹೋದದ್ದು, ನಾನು ಕಾರ್ಡು ಬರೆದದ್ದು ಹೇಳಿದೆ. ನಮ್ಮ ವಕೀಲರು ಆ ಕಾರ್ಡನ್ನು ಗಟ್ಟಿಯಾಗಿ ಓದಿದರು. ಹೃದಯವಿಲ್ಲದವನು ಎಂಬಲ್ಲಿ ಯಾರೋ ಹಿಂದೆ ಕೆಮ್ಮಿದರು. ನಾನು ಡ್ರೈವರಣ್ಣನ ಕಡೆ ನೋಡಲಿಲ್ಲ.

ಕಾರಿನ ಕಡೆಯ ವಕೀಲರು ಎದ್ದರು. ಗಟ್ಟಿ ದನಿಯವರಲ್ಲ. ಮೆಲ್ಲಗೆ, ಮರ್ಯಾದೆಯಿಂದ ಕೇಳಿದರು. ಬಸ್ ಸ್ಟ್ಯಾಂಡಿನಿಂದ ಘಟ್ಟಕ್ಕೆ ದಾರಿಯಲ್ಲಿ ಎಷ್ಟೋ ಊರುಗಳಿವೆ ಅಲ್ಲವೇ ಎಂದರು. ಹೌದು ಎಂದೆ. ಅಲ್ಲೆಲ್ಲ ಜನ ಕೈ ಮಾಡಿ ಹತ್ತುವುದುಂಟಲ್ಲವೇ? ಹೌದು. ನಿಮ್ಮನ್ನು ಬಿಟ್ಟು ಹೋದ ಮೇಲೆ ದಾರಿಯಲ್ಲಿ ಐದು ಜನ ಹತ್ತಿಲ್ಲ ಎಂದು ನೀವು ಹೇಳಬಲ್ಲಿರಾ?

ಹತ್ತಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಎರಡು ವರ್ಷ ದಿನವೂ ಅವರ ಗಾಡಿಯಲ್ಲಿ ಹೋದವಳು ನಾನು. ಇಲ್ಲ, ಹತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಅದನ್ನು ನೋಡಿರಲಿಲ್ಲ.

"ನನಗೆ ಗೊತ್ತಿಲ್ಲ. ನಾನು ನೋಡಿಲ್ಲ" ಎಂದೆ.

ವಕೀಲರು ಇಷ್ಟೇ ಸಾಕು ಎಂದು ಕುಳಿತರು. ಒಬ್ಬ ಮನುಷ್ಯನ ಮನೆ ಮಠ ನಾನೇ ಕೈಯಾರೆ ಕಳೆದೆ ಎಂದುಕೊಂಡೆ. ಇಳಿಯಲು ಹೊರಟಾಗ ನ್ಯಾಯಾಧೀಶರು ತಡೆದರು. ಕಾರ್ಡನ್ನು ಮೇಜಿನ ಮೇಲೆ ಇಟ್ಟುಕೊಂಡು ತಾವೇ ಇನ್ನೊಮ್ಮೆ ಓದುತ್ತಿದ್ದರು. ಬಿಟ್ಟು ಹೋದಾಗ ನಿಮಗೆ ಎಷ್ಟು ತಿಂಗಳಾಗಿತ್ತು ಎಂದು ಕೇಳಿದರು. ಆರು ಎಂದೆ. ನೋಡಿದವರಿಗೆ ತಿಳಿಯುವಂತಿತ್ತೇ? ತಿಳಿಯುವಂತಿತ್ತು ಎಂದೆ. ಗಾಡಿಯವರು ನಿಮಗೆ ಪರಿಚಯದವರೇ? ದಿನವೂ ಅವರ ಗಾಡಿಯಲ್ಲೇ ಹೋಗುತ್ತಿದ್ದೆ ಎಂದೆ. ಅವರು ಡ್ರೈವರಣ್ಣನನ್ನು ಒಂದು ಸಲ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಏನೋ ಬಹಳ ಹೊತ್ತು ಬರೆದುಕೊಂಡರು.

ಹೊರಗೆ ಬಂದು ತಪ್ಪಾಯಿತು ಡ್ರೈವರಣ್ಣ ಎಂದೆ. ಗೊತ್ತಿಲ್ಲ ಎಂದದ್ದಕ್ಕೂ, ಕಾರ್ಡಿಗೂ, ಎರಡಕ್ಕೂ ಸೇರಿಸಿ. ಅವರು ಊರುಗೋಲನ್ನು ಗೋಡೆಗೆ ಒರಗಿಸಿ, ಮೊದಲ ಸಲ ಎಂಬಂತೆ ಬಾಯಿ ತುಂಬ ನಕ್ಕರು.

"ಇಷ್ಟು ಚಂದ ಮಾಡಿ ನನ್ನ ಯಾರೂ ಬೈದವ್ರಿಲ್ಲ ಅಕ್ಕೋರೇ" ಎಂದರು.

ತೀರ್ಪು ಬರಲು ಮತ್ತೆ ಎಂಟು ತಿಂಗಳಾಯಿತು. ಗುರುತಿನ, ಬಸುರಿ ಹೆಂಗಸನ್ನು ಹತ್ತನೆಯವಳಾಗಿ ಹತ್ತಿಸಿಕೊಳ್ಳದವನು ಅದಾಗಿ ಅರ್ಧ ಗಂಟೆಯಲ್ಲಿ ಐದು ಜನ ಅ‍ಪರಿಚಿತರನ್ನು ತುಂಬಿಕೊಂಡ ಎಂಬುದು ನಂಬುವ ಮಾತಲ್ಲ ಎಂದು ಅದರಲ್ಲಿ ಬರೆದಿತ್ತು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಸಾಕ್ಷಿ, ಗೊತ್ತಿದೆ ಎಂದದ್ದನ್ನು ನಂಬಬಹುದು ಎಂದೂ ಇತ್ತು. ಗಾಡಿ ಬಿದ್ದ ಗಟಾರ, ರಸ್ತೆಯ ಮೇಲಿನ ಟಯರಿನ ಗುರುತು ನೋಡಿದರೂ ತಿರುವಿನಲ್ಲಿ ಎದುರುಬದಿಗೆ ನುಗ್ಗಿದ್ದು ಕಾರೇ ಎಂದಾಯಿತು. ಪರಿಹಾರವೆಲ್ಲ ಕಾರಿನ ಇನ್ಶೂರೆನ್ಸಿನಿಂದಲೇ ಬಂತು, ಡ್ರೈವರಣ್ಣನ ಮಂಡಿಗೂ ಸೇರಿ. ಪೊಲೀಸ್ ಕೇಸಿನಿಂದಲೂ ಅವರ ಹೆಸರು ಹೋಯಿತು. ಸುದ್ದಿ ತಂದ ನನ್ನ ಗಂಡ ಆ ದಿನ ಪೇಟೆಯಿಂದ ಒಂದು ಕಿಲೋ ಜಿಲೇಬಿಯನ್ನೂ ತಂದಿದ್ದರು. ಬೇಡ ಎಂದವರೇ ಅವರು. ನಾನು ಅದನ್ನು ನೆನಪಿಸಲಿಲ್ಲ. ಗೆಳತಿ ಅಷ್ಟರಲ್ಲಿ ಕೋಲು ಹಿಡಿದು ಶಾಲೆಗೆ ಬರುತ್ತಿದ್ದಳು. ಒಂದು ಕಾಲು ಗಿಡ್ಡವಾಗಿತ್ತು. ಒಂದು ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡು, ಬೋರ್ಡಿನ ಮುಂದೆ ನಿಂತೇ ಪಾಠ ಮಾಡಿದಳು. ಎರಡು ವರ್ಷದ ಮೇಲೆ ಅವಳ ಊರ ಕಡೆಗೇ ವರ್ಗವಾಯಿತು.

ನನಗೂ ಶಿರಸಿಗೆ ವರ್ಗವಾಯಿತು. ಹೊರಡುವ ದಿನ ಸ್ಟ್ಯಾಂಡಿಗೆ ಹೋಗಿ ಹೇಳಿ ಬಂದೆ. ಬರ್ತಾ ಇರಿ ಎಂದರು. ಬರುತ್ತೇನೆ ಎಂದೆ. ಮನೆ ಕಟ್ಟಿದೆವು, ಮಗಳು ಶಾಲೆಗೆ ಸೇರಿದಳು, ಅಮ್ಮನಿಗೆ ಹುಷಾರು ತಪ್ಪಿತು... ಏಳು ವರ್ಷ ಹೋಗಲೇ ಇಲ್ಲ.

ಹೋದ ತಿಂಗಳು ಆ ಮದುವೆ ಮುಗಿಸಿ ಹಿಂದಿರುಗುವಾಗ ಇಡಗುಂದಿಯಲ್ಲಿ ಬಸ್ಸು ಇಳಿದುಬಿಟ್ಟೆ. ಅಂಗಡಿಯಲ್ಲಿ ಕೇಳಿದೆ. ಅಂಗಡಿಯವನು ದಾರಿ ತೋರಿಸಿದ. ಮನೆ ಹತ್ತಿರವೇ. ಅವರ ಹೆಂಡತಿ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಬರಿಯ ಹಣೆ ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಎರಡು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದೆ. ಒಳಗೆ ಕರೆದು ಕೂರಿಸಿ ನೀರು ಬೆಲ್ಲ ಕೊಟ್ಟರು. ಮಗಳನ್ನು ಹತ್ತಿರ ಕರೆದು ಎಷ್ಟನೇ ಕ್ಲಾಸು ಎಂದು ಕೇಳಿದರು. ನಾಲ್ಕನೆಯದು ಎಂದಳು.

ಒಂದು ಪ್ರಶ್ನೆ ನನ್ನ ಬಾಯಲ್ಲೇ ನಿಂತಿತ್ತು. ಡ್ರೈವರ್ ತೀರಿಕೊಂಡರು ಎಂದರೆ ಆ ದಾರಿಯಲ್ಲಿ ಓಡಾಡಿದವರು ಯಾರಾದರೂ ಮೊದಲು ಕೇಳುವ ಪ್ರಶ್ನೆ ಅದು. ಎಲ್ಲಿ ಎಂದು ಕೇಳಿದೆ.

ಅವರಿಗೆ ಅರ್ಥವಾಯಿತು. "ಮನೇಲೇ ಅಕ್ಕೋರೇ. ಮಧ್ಯಾಹ್ನ ಉಂಡು ಇಲ್ಲೇ ಜಗಲೀಲಿ ಮಲಗಿದ್ರು. ಚಾ ಮಾಡಿ ಎಬ್ಬಿಸೂಕೆ ಬಂದ್ರೆ ಏಳಲಿಲ್ಲ" ಎಂದರು. ಆಮೇಲೆ, ಮೂವತ್ತು ವರ್ಷ ನಾನು ಹೆದರಿದ್ದು ಬೇರೆಯದಕ್ಕೆ, ಅದು ಆಗಲಿಲ್ಲ ಎಂದರು.

ನಾನು ಕುಳಿತದ್ದು ಅದೇ ಜಗಲಿ. ತಂಪಾಗಿತ್ತು. ಗಾಳಿ ಚೆನ್ನಾಗಿ ಬರುತ್ತಿತ್ತು. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು, ಇಲ್ಲಿಗೆ ಮುಟ್ಟುವಷ್ಟರಲ್ಲಿ ಬರೀ ಗುಂಯ್‌ಗುಡುವಿಕೆ. ಸದ್ಯ, ಇಲ್ಲಿ... ಎಂದುಕೊಂಡೆ. ಎದೆ ಹಗುರಾಯಿತು. ಮಗಳು, ಯಾಕಮ್ಮ ಅಳ್ತೀಯಾ ಎಂದು ಕೇಳಿದ ಮೇಲೇ ನಾನು ಅಳುತ್ತಿದ್ದೇನೆಂದು ತಿಳಿದದ್ದು. ಏನಿಲ್ಲ ಎಂದೆ. ಬರುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೆ, ಸ್ವಲ್ಪ ತಡವಾಯಿತು ಎಂದೆ.